ಸ್ಪಿರಿಟ್ಟಿನಲ್ಲಿದ್ದ ನಾಗರಹಾವು

ಪ್ರೊಫೆಸರ್ ಶಂಭು ಶೆಟ್ಟರು ಪೆಟ್ಟಿಗೆಯೊಳಗಿಂದ ಗಾಜಿನ ಭರಣಿ ಎತ್ತಿ ಮೇಜಿನ ಮೇಲೆ ಇಟ್ಟದ್ದೇ ತಡ, ಶಾಲೆಯ ಸಭಾಂಗಣದಲ್ಲಿ ಕುಳಿತಿದ್ದವರೆಲ್ಲ ಒಟ್ಟಿಗೇ ಕಣ್ಣು ಮುಚ್ಚಿಕೊಂಡರು. ಭರಣಿಯ ಸ್ಪಿರಿಟ್ಟಿನಲ್ಲಿ ನಾಗರಹಾವು ಸುರುಳಿ ಸುತ್ತಿಕೊಂಡಿತ್ತು. ಸತ್ತ ನಾಗರಹಾವು.

ತಪ್ಪು ಮುಂಡಪ್ಪ ಮಾಷ್ಟ್ರದ್ದೇ. ಮೂಡಬಿದಿರೆಯ ಪ್ರಕೃತಿ ಸಂಘಕ್ಕೆ ಅವರೇ ಕಾರ್ಯದರ್ಶಿ. ಹಿಂದೆ ಹಕ್ಕಿಗಳ ಬಗ್ಗೆ ಉಪನ್ಯಾಸ ಇಟ್ಟಾಗ ಕೇಳಿಸಿಕೊಂಡದ್ದು ಬರೀ ಬೆಂಚುಗಳು. ಈ ಸಲವಾದರೂ ನಾಲ್ಕು ಜನ ಸೇರಲಿ ಎಂದು ಕರಪತ್ರದಲ್ಲಿ 'ನಾಗರಹಾವನ್ನು ತೋರಿಸಲಾಗುವುದು' ಎಂದು ದಪ್ಪಕ್ಷರದಲ್ಲಿ ಹಾಕಿಸಿಬಿಟ್ಟರು. ಜನ ಬಾರದೇ ಇರುತ್ತಾರೆಯೇ! ವೇಣೂರಿನಿಂದಲೂ ಬಸ್ಸು ಹಿಡಿದು ಬಂದರು. ಮಿಂದು, ಮಡಿಯುಟ್ಟು, ಹಾಲು, ಸೀಯಾಳ, ಅಡಿಕೆಯ ಹಿಂಗಾರ, ಅರಸಿನಪುಡಿ ಹಿಡಿದುಕೊಂಡು ಬಂದರು. ಉಪನ್ಯಾಸಕ್ಕೆ ಹಾಲು ಯಾಕೆ ಎಂದು ಕೇಳುವಷ್ಟು ಬುದ್ಧಿ ಬಾಗಿಲಲ್ಲಿ ನಿಂತು ನಗುತ್ತಿದ್ದ ಮಾಷ್ಟ್ರಿಗೆ ಓಡಲಿಲ್ಲ.

"ಎಂತ ಮಾರಾಯ್ರೆ ಇದು!" ಹೋಟೆಲಿನ ಡೊಂಬಯ್ಯ ಕಣ್ಣಿಗೆ ಹೆಗಲ ಮೇಲಿನ ಬೈರಾಸು ಒತ್ತಿಕೊಂಡೇ ಎದ್ದುನಿಂತ. "ಜೀವಂತ ನಾಗನ ದರ್ಶನ ಉಂಟು ಅಂತ ನಾವು ಬಂದದ್ದು. ಸತ್ತ ನಾಗನನ್ನು ಕಂಡವರು ಮನುಷ್ಯರಿಗೆ ಮಾಡಿದ ಹಾಗೆಯೇ ಸಂಸ್ಕಾರ ಮಾಡಿ ಸುಡಬೇಕು. ಇಲ್ಲದಿದ್ದರೆ ದೋಷ ಮಕ್ಕಳಿಗೆ ತಾಗ್ತದೆ. ಈಗ ಇದನ್ನು ಕಂಡದ್ದು ಯಾರು?"

ಯಾರೂ ಕಂಡಿರಲಿಲ್ಲವಂತೆ! ಒಬ್ಬ ಕಿಟಕಿಯ ಹೊರಗೆ ನೋಡುತ್ತಿದ್ದನಂತೆ, ಇನ್ನೊಬ್ಬನಿಗೆ ಕನ್ನಡಕ ಇಲ್ಲದೆ ಏನೂ ಕಾಣಿಸುವುದಿಲ್ಲವಂತೆ. ಕಂಡಿಲ್ಲದ ಮೇಲೆ ಕಣ್ಣು ಮುಚ್ಚಿಕೊಂಡದ್ದು ಯಾಕೆ ಎಂದು ಮಾತ್ರ ಕೇಳಬಾರದು.

"ನಾನು ಕಂಡೆ."

ಹೇಳಿದವಳು ರಾಜೀವಿ, ಮಾಷ್ಟ್ರ ಹೆಂಡತಿ. ಇನ್ನು ಮಕ್ಕಳೇ ಆಗುವುದಿಲ್ಲ ಎಂದು ಊರು ಕೈಬಿಟ್ಟ ಮೇಲೆ ಬಸುರಾದವಳು. ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಗಂಡನನ್ನು ನೋಡಿದಳು. "ಸರಿಯಾಗಿ ಕಂಡೆ. ಇನ್ನು ಈ ಮಗುವಿಗೆ ಏನಾದರೂ ಆದರೆ ನಾನು ಎಂತ ಮಾಡ್ಲಿ, ಹೇಳಿ?"

ಮಾಷ್ಟ್ರು ಪ್ರೊಫೆಸರರ ಕಿವಿಯ ಹತ್ತಿರ ಬಗ್ಗಿದರು. "ಸರ್, ದಮ್ಮಯ್ಯ, ಇದನ್ನು ಕೊಡಿ. ಸುಟ್ಟುಬಿಡುವ."

"ಕಾಲೇಜಿನ ಸ್ವತ್ತು ಇದು. ಕೊಡ್ಲಿಕ್ಕೆ ಆಗ್ತದಾ?" ಎಂದರು ಪ್ರೊಫೆಸರರು. "ನೀವು ಸಯನ್ಸ್ ಮಾಷ್ಟ್ರು ಅಲ್ವಾ? ನಾಚಿಕೆ ಆಗುವುದಿಲ್ವಾ ಕೇಳ್ಲಿಕ್ಕೆ?"

ಜನ ಬಾಗಿಲ ಕಡೆ ಜರುಗತೊಡಗಿದ್ದರು. ರಾಜೀವಿಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಶಾಲೆಗೆ ಇನ್‌ಸ್ಪೆಕ್ಟರ್ ಬಂದಾಗಲೂ ಸುಳ್ಳು ಹೇಳದ ಮುಂಡಪ್ಪ ಮಾಷ್ಟ್ರು ಮೇಜಿನ ಮುಂದೆ ಬಂದು ಗಂಟಲು ಸರಿಮಾಡಿಕೊಂಡರು.

"ಎಲ್ಲರೂ ಕೂತ್ಕೊಳ್ಳಿ. ಈ ನಾಗನ ಸಂಸ್ಕಾರ ಆಗಿದೆ. ಸುಬ್ರಹ್ಮಣ್ಯದಲ್ಲಿ, ಇದರ ಬದಲಿಗೆ ಹಿಟ್ಟಿನ ಹಾವು ಮಾಡಿ ಸುಟ್ಟು, ಪ್ರೊಫೆಸರರೇ ಖುದ್ದು ಕೂತು ಮಾಡಿಸಿದ್ದಾರೆ."

ಪ್ರೊಫೆಸರರು ಥಟ್ಟನೆ ತಿರುಗಿದರು. ಬಾಯಿ ತೆರೆದವರು ನೀರಿನ ಲೋಟಕ್ಕೆ ಕೈಹಾಕಿದರು. ಅವರ ಮುಖ ನೋಡುವ ಧೈರ್ಯ ಮಾಷ್ಟ್ರಿಗೆ ಇರಲಿಲ್ಲ.

"ಅದನ್ನು ಮೊದಲೇ ಹೇಳ್ಬಾರದಾ ಮಾರಾಯ್ರೆ!" ಎಂದು ಡೊಂಬಯ್ಯ ಬೈರಾಸು ಹೆಗಲಿಗೆ ಎಸೆದ. ಕಿಟಕಿ ನೋಡುತ್ತಿದ್ದವನು ಎಲ್ಲರಿಗಿಂತ ಮುಂದೆ ನುಗ್ಗಿದ. ಹಾವಿಗೆ ಕಿವಿ ಉಂಟಾ, ವಿಷ ಇರುವುದು ಎಲ್ಲಿ, ಪೊರೆ ಬಿಡುವುದು ಯಾಕೆ ಎಂದು ಕೇಳಿದ್ದೇ ಕೇಳಿದ್ದು. ಹಾವು ಹಾಲು ಕುಡಿಯುವುದಿಲ್ಲ ಎಂದು ಪ್ರೊಫೆಸರರು ವಿವರಿಸಿದ್ದನ್ನು ಎಲ್ಲರೂ ಶ್ರದ್ಧೆಯಿಂದ ಕೇಳಿ, ತಂದ ಹಾಲನ್ನು ಭರಣಿಯ ಮುಂದೆ ಇಟ್ಟರು. ರಾಜೀವಿ ಹಿಂಗಾರ ಇಟ್ಟು ಕೈಮುಗಿದು, ಗಂಡನ ಕಡೆ ನೋಡಿ ನಕ್ಕಳು. ಆ ನಗು ಕಂಡು ಮಾಷ್ಟ್ರಿಗೆ ಅಳುವೇ ಬಂತು. ಹುಟ್ಟದ ಮಗುವಿನ ಹೆಸರಲ್ಲಿ ಸುಳ್ಳು ಹೇಳಿಯಾಗಿತ್ತು. ದೋಷಗೀಷ ಎಲ್ಲ ಸುಳ್ಳು ಎಂದು ಅವರಿಗೆ ಗೊತ್ತಿತ್ತು. ಆದರೂ ಹೆದರಿಕೆ ಬಿಡಲಿಲ್ಲ.

ಜನ ಕರಗಿದ ಮೇಲೆ ಬೈಸಿಕೊಳ್ಳಲು ತಯಾರಾಗಿ ಅವರು ತಲೆ ತಗ್ಗಿಸಿ ನಿಂತರು. ಪ್ರೊಫೆಸರರು ಬಾಗಿಲು ಮುಂದೆ ಮಾಡಿ ಬಂದು, ಅವರ ತೋಳನ್ನು ಬಿಗಿಯಾಗಿ ಹಿಡಿದುಕೊಂಡರು.

"ಮಾಷ್ಟ್ರೇ, ಸುಬ್ರಹ್ಮಣ್ಯದ ವಿಷಯ ನಿಮಗೆ ಹೇಳಿದ್ದು ಯಾರು? ನನ್ನ ಅಮ್ಮನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಕೈ ಮುಗಿತೇನೆ, ಕಾಲೇಜಿನವರಿಗೆ ಮಾತ್ರ ಹೇಳ್ಬೇಡಿ!"