ಒದ್ದೆಯಾಗದ ದುಪ್ಪಟಿಗಳು

ದುಪ್ಪಟಿಗಳು ಒದ್ದೆ ಇರಲಿಲ್ಲ. ಸುಂಕದ ಇನ್‌ಸ್ಪೆಕ್ಟರ್ ದುರ್ಬೀನನ್ನು ಕಣ್ಣಿಗೆ ಇನ್ನಷ್ಟು ಒತ್ತಿಕೊಂಡ. ಒಂದು ಹನಿಯೂ ತೊಟ್ಟಿಕ್ಕುತ್ತಿಲ್ಲ. ಒಣಗಿದ ಬಟ್ಟೆಯನ್ನು ಯಾವ ಮಹಾತಾಯಿ ಮತ್ತೆ ಒಣಹಾಕುತ್ತಾಳೆ?

ಕಚೇರಿಯ ಮೇಲ್ಮಹಡಿಯ ಕಿಟಕಿಗೆ ನೇರವಾಗಿ ದಿಬ್ಬ, ದಿಬ್ಬದ ಮೇಲೆ ಸೂಜಿಯಮ್ಮನ ಮನೆ. ಹಾಯಿದೋಣಿಗಳಲ್ಲಿ ದೇಶದೇಶ ಸುತ್ತುತ್ತಾ ಬರುವವರ ಹರಿದ ಹಾಯಿಗಳನ್ನು ಹೊಲಿದುಕೊಡುವ ಹೆಂಗಸು ಅವಳು. ಅಂಗಳದಲ್ಲಿ ಎರಡು ಕಂಬ, ನಡುವೆ ಹಗ್ಗ, ಹಗ್ಗದ ಮೇಲೆ ನಾಲ್ಕು ಬಿಳಿ ದುಪ್ಪಟಿ. ಅಂಚಿಗೆ ಅಂಚು ಸೇರಿಸಿ, ಕೆಳಗಿನಿಂದಲೂ ಕ್ಲಿಪ್ಪು ಹಾಕಿ ಬಿಗಿದಿದ್ದಾಳೆ. ಗಾಳಿಗೆ ಅಲುಗಾಡುತ್ತಲೂ ಇಲ್ಲ.

ಸಮುದ್ರದಲ್ಲಿ, ಬಂಡೆಸಾಲಿನ ಆಚೆ ಒಂದು ಹಾಯಿ ಕಾಣಿಸಿಕೊಂಡಿತ್ತು. ಅದು ಕಂಡ ಮೇಲೆಯೇ ಈ ದುಪ್ಪಟಿಗಳು ಹಗ್ಗ ಏರಿದ್ದು. ಈ ತಿಂಗಳಲ್ಲಿ ಇದು ನಾಲ್ಕನೇ ಸಲ.

"ಗುಟ್ಟೇನಾದ್ರೂ ಗೊತ್ತಾಯ್ತಾ ಸಾರ್?" ಎಂದ ಪೇದೆ, ಟೀ ಲೋಟ ಇಡುತ್ತಾ.

"ಗುಟ್ಟೇನು ಬಂತು? ಹಾಡುಹಗಲೇ ಕಳ್ಳಸಾಗಣೆಯವರಿಗೆ ಸನ್ನೆ ಮಾಡ್ತಿದಾಳೆ. ಬನ್ನಿ, ದಾರಿ ಸಲೀಸಾಗಿದೆ ಅಂತ."

"ಹೋದ ವರ್ಷಾನೂ ಹೀಗೇ ಅಂದಿದ್ರಿ."

ಇನ್‌ಸ್ಪೆಕ್ಟರನ ಮೈ ಉರಿದುಹೋಯಿತು. ಹೋದ ವರ್ಷ ಯಾರೋ ಅವನ ಕಿವಿ ಊದಿದ್ದರು, ಸೂಜಿಯಮ್ಮನ ಮುಂಗೋಡೆಯೊಳಗೆ ಚಿನ್ನ ಹುದುಗಿಸಿಟ್ಟಿದ್ದಾರೆ ಎಂದು. ಗೋಡೆ ಒಡೆಸಿದ್ದ. ಸಿಕ್ಕಿದ್ದು ಇಟ್ಟಿಗೆ, ಗಾರೆ, ಒಂದು ಹಲ್ಲಿ. ಈಗ ಆ ಜಾಗಕ್ಕೆ ಕಪ್ಪು ಟಾರ್ಪಾಲು ಕಟ್ಟಿಕೊಂಡು ಬದುಕುತ್ತಿದ್ದಾಳೆ. ಗೋಡೆ ಕಟ್ಟಿಸಿ, ಸುಣ್ಣ ಬಳಿಸಿಕೊಡಿ, ತುರ್ತು, ಎಂದು ಬರೆದ ಅವಳ ಮೂರು ಅರ್ಜಿಗಳು ಅವನ ಮೇಜಿನ ಖಾನೆಯಲ್ಲಿವೆ. ಸುಣ್ಣ ಬೇರೆ ಬೇಕಂತೆ ಮಹಾರಾಣಿಗೆ.

ಈ ಸಲವೂ ಬರಿಗೈಯಾದರೆ ದ್ವೀಪದ ಗೋದಾಮಿಗೆ ವರ್ಗ ಎಂದು ಮೇಲಧಿಕಾರಿ ಮುಖ ನೋಡದೆ ಹೇಳಿದ್ದರು. ಹೆಂಡತಿ ಮುಖ ನೋಡಿಯೇ ಹೇಳಿದ್ದಳು, "ಅಲ್ಲಿಗೆ ನೀವೊಬ್ರೇ ಹೋಗಿ." ಆ ಮಾತು ಕೇಳಿದಂದಿನಿಂದ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಅನುಮಾನಕ್ಕೇನೂ ಬರವಿಲ್ಲ. ದಿನಾ ಬೆಳಗ್ಗೆ ಅವಳ ಮನೆಯ ರೇಡಿಯೋದಲ್ಲಿ ಗರಗರ ಸದ್ದಿನ ನಡುವೆ ದೋಣಿಗಳು ಒಂದೊಂದಾಗಿ ಹಾಜರಿ ಹೇಳುತ್ತವೆ. ಯಾರು ಎಲ್ಲಿದ್ದಾರೆ, ಗಾಳಿ ಹೇಗಿದೆ, ಯಾರ ಹತ್ತಿರ ಔಷಧಿ ಮಿಕ್ಕಿದೆ. ಕಳ್ಳರಿಗೆ ಇಷ್ಟು ಒಗ್ಗಟ್ಟು ಎಲ್ಲಿಂದ ಬಂತೋ ಎಂದು ಅವನಿಗೇ ಹೊಟ್ಟೆಕಿಚ್ಚಾಗುತ್ತಿತ್ತು. ದಡಕ್ಕಿಳಿದವರು ನೆಟ್ಟಗೆ ಅವಳಲ್ಲಿಗೇ ಹೋಗುತ್ತಾರೆ. ಅವಳ ಎರಡೂ ಕೈ ಹಿಡಿದುಕೊಳ್ಳುತ್ತಾರೆ. ಕೆಲವರು ಅಳುತ್ತಾರೆ. ಹಾಯಿ ಹೊಲಿಸಲು ಬಂದವರು ಅಳುವುದೇಕೆ?

"ನೀನು ದೋಣಿ ಕಟ್ಟೋ ದಕ್ಕೆಯಲ್ಲಿ ನಿಂತಿರು," ಎಂದು ಪೇದೆಗೆ ಹೇಳಿದ. "ನಾನು ಆ ಬಟ್ಟೆ ಕಿತ್ತುಹಾಕ್ತೀನಿ. ಸನ್ನೆ ಕಾಣದೆ ದೋಣಿ ದಿಕ್ಕು ಬದಲಿಸ್ತೋ, ಅದೇ ಸಾಕ್ಷಿ."

ಅವನು ಏದುಸಿರು ಬಿಡುತ್ತಾ ದಿಬ್ಬ ಹತ್ತಿದಾಗ ಅಂಗಳ ಖಾಲಿಯಿತ್ತು. ಬರುವ ದೋಣಿಯ ಹಗ್ಗ ಹಿಡಿದುಕೊಳ್ಳಲು ಸೂಜಿಯಮ್ಮ ದಕ್ಕೆಗೆ ಇಳಿದಿದ್ದಳು. ಅವನು ಕ್ಲಿಪ್ಪುಗಳನ್ನು ಪಟಪಟ ಕಿತ್ತ. ನಾಲ್ಕೂ ದುಪ್ಪಟಿ ನೆಲಕ್ಕೆ ಬಿದ್ದವು. ದುರ್ಬೀನು ಎತ್ತಿದ.

ಬಂಡೆಗಳ ಸಂದಿಯಲ್ಲಿ ದಾರ ಹಿಡಿದಂತೆ ನೆಟ್ಟಗೆ ಬರುತ್ತಿದ್ದ ದೋಣಿ ತಡವರಿಸಿತು. ಮೂತಿ ಎಡಕ್ಕೆ ಹೊರಳಿತು.

"ಸಿಕ್ಕಿಬಿದ್ದೆ ಮಗನೇ," ಎಂದ ಇನ್‌ಸ್ಪೆಕ್ಟರ್.

ಕೆಳಗೆ ಯಾರೋ ಚೀರಿದರು. ಸೂಜಿಯಮ್ಮ ಚಪ್ಪಲಿ ಬಿಟ್ಟು, ಕೈ ಬೀಸುತ್ತಾ, ಮೆಟ್ಟಿಲು ಏರಿ ಓಡಿಬರುತ್ತಿದ್ದಳು. ಹೋದ ವರ್ಷದ ಅವಮಾನಕ್ಕೆಲ್ಲ ಇವತ್ತು ಸಮ ಆಯಿತು ಎಂದು ಅವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಕಳ್ಳರ ಮುಖ ನೋಡೋಣವೆಂದು ಮತ್ತೆ ದುರ್ಬೀನು ತಿರುಗಿಸಿದ.

ಚುಕ್ಕಾಣಿ ಹಿಡಿದವಳು ಒಬ್ಬ ಹೆಂಗಸು. ಮುಂದುಗಡೆ ಒಬ್ಬ ಗಂಡಸು ಹಣೆಗೆ ಕೈ ಅಡ್ಡ ಹಿಡಿದು ದಿಬ್ಬದ ಈ ತುದಿಯಿಂದ ಆ ತುದಿಗೆ ಹುಡುಕುತ್ತಿದ್ದ. ಅವನ ಹಿಂದೆ, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡ ಒಂದು ಪುಟ್ಟ ಮಗು. ಓಡಿಹೋಗುವವರು ಹಿಂದೆ ನೋಡುತ್ತಾರೆ. ಇವರು ದಡವನ್ನೇ ನೋಡುತ್ತಿದ್ದರು. ಅವರ ಎಡಕ್ಕೆ, ತೀರಾ ಹತ್ತಿರದಲ್ಲಿ, ಬಂಡೆಗಳ ಮೇಲೆ ನೊರೆ ಏಳುತ್ತಿತ್ತು.

ಅವನು ದುರ್ಬೀನು ಕೆಳಗಿಳಿಸಿದ.

ಸೂಜಿಯಮ್ಮ ಬಂದವಳೇ ದುಪ್ಪಟಿಗಳನ್ನು ಬಾಚಿ ಒಂದರ ತುದಿಯನ್ನು ಅವನ ಕೈಗೆ ತುರುಕಿದಳು. "ಹಿಡೀರಿ."

"ಏಯ್, ನಿನ್ನನ್ನ ಅರೆಸ್ಟ್..."

"ಆಮೇಲೆ ಮಾಡಿ. ಈಗ ಎಳೆದು ಹಿಡೀರಿ. ಎತ್ತರಕ್ಕೆ. ಟ್ಯಾಂಕಿನ ನೇರಕ್ಕೆ ಬನ್ನಿ."

ಹಿಂದೆ ಗುಡ್ಡದ ತುದಿಯಲ್ಲಿ ನೀರಿನ ಟ್ಯಾಂಕು. ಅವನು ಎರಡು ಹೆಜ್ಜೆ ಸರಿದು ಕೈ ಎತ್ತಿದ. ಯಾಕೆ ಎತ್ತಿದನೋ ಅವನಿಗೇ ಗೊತ್ತಿಲ್ಲ. ಬಟ್ಟೆ ಕಣ್ಣಿಗೆ ಅಡ್ಡವಾಗಿ ಸಮುದ್ರ ಮಾಯವಾಯಿತು. ಕಾಣುತ್ತಿದ್ದದ್ದು ಅಂಚಿನಾಚೆ ಇಣುಕುತ್ತಿದ್ದ ಅವಳ ಮುಖ ಮಾತ್ರ. ಮರ ಸೀಳುವ ಸದ್ದು ಈಗ ಕೇಳಿತು, ಈಗ ಕೇಳಿತು ಎಂದು ಕಿವಿಗೊಟ್ಟ. ಹಿಡಿಯಬೇಕೆಂದು ಬಂದ ದೋಣಿ ಸುಖವಾಗಿ ಒಳಗೆ ಬರಲಪ್ಪಾ ಎಂದು ಬೇಡಿಕೊಂಡ.

"ತಿರುಗಿದ್ರು," ಎಂದಳು ಸೂಜಿಯಮ್ಮ. ಬಹಳ ಹೊತ್ತಿನ ಮೇಲೆ, "ದಾಟಿದ್ರು," ಎಂದು ಅಲ್ಲೇ ಕುಸಿದು ಕೂತಳು.

ಲಂಗರಿನ ಸರಪಳಿ ಇಳಿದ ಸದ್ದು ಕೇಳಿದ ಮೇಲೆಯೇ ಅವನು ಕೈ ಇಳಿಸಿದ್ದು. "ಏನಮ್ಮಾ ಇದೆಲ್ಲಾ?"

"ಇಲ್ಲಿಗೆ ಬಂದುಹೋದೋರು ಮುಂದೆ ಬರೋರಿಗೆ ಅಂತ ಪುಸ್ತಕ ಬರೆದಿಟ್ಟಿದಾರೆ. ಎಲ್ಲಿ ನೀರು ಸಿಗುತ್ತೆ, ಎಲ್ಲಿ ಬಂಡೆ ಇದೆ, ಎಲ್ಲಾ. ಟ್ಯಾಂಕಿನ ನೇರ ಕೆಳಗೆ ಬಿಳೀ ಗೋಡೆ ಕಾಣ್ತಾ ಇರ್ಲಿ, ಆ ಗೆರೆ ತಪ್ಪಿದ್ರೆ ಬಂಡೆಗೆ ಬಡೀತೀರಿ ಅಂತ ನಮ್ಮೂರಿನ ಬಗ್ಗೆ ಬರೆದಿದಾರೆ."

ಇನ್‌ಸ್ಪೆಕ್ಟರ್ ದಿಬ್ಬವನ್ನೆಲ್ಲ ಒಮ್ಮೆ ನೋಡಿದ. "ಇಲ್ಲಿ ಬಿಳೀ ಗೋಡೆ ಎಲ್ಲಿದೆ?"

"ನೀವು ಒಡೆಸಿದ್ರಲ್ಲ ಸಾಹೇಬ್ರೇ, ಅದೇ. ಅವರ ಪುಸ್ತಕದಲ್ಲಿ ಅದಿನ್ನೂ ನಿಂತಿದೆ."