ಅವ್ವ ಒರೆಸಿದ ಗುಲಾಬಿ ಎಲೆಗಳು

ನರ್ಸರಿಯಲ್ಲಿ ಹೈಬ್ರಿಡ್ ಗುಲಾಬಿಯ ವಾಸನೆ ಬಂದರೆ ಈಗಲೂ ನನ್ನ ಕಿವಿ ಕಂಪನಿ ಬಸ್ಸಿನ ಸದ್ದಿಗೆ ಕಾಯುತ್ತದೆ.

ಯಶವಂತನಗರದಲ್ಲಿ ಅಪ್ಪನ ಗಣಿ ಕಂಪನಿ ಕೊಟ್ಟ ಕ್ವಾರ್ಟರ್ಸಿನ ಮುಂದೆ ಅವ್ವ ಹೊಸಪೇಟೆಯಿಂದ ತಂದ ಕಸಿ ಗುಲಾಬಿ ನೆಟ್ಟಿದ್ದಳು. ಉದ್ದನೆಯ ದಂಟಿಗೆ ಒಂದೇ ಹೂವು, ಅಂಗೈಯಗಲ. ಅದಿರು ಲಾರಿಗಳು ಎಬ್ಬಿಸಿದ ಕೆಂಪು ಧೂಳನ್ನು ಎಲೆಗಳಿಂದ ದಿನಾ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು.

ಒಂದು ಮಧ್ಯಾಹ್ನ ಪಕ್ಕದ ಮನೆಯವಳು ಓಡಿ ಬಂದಳು. "ಗಣಿಯಾಗ ಮಣ್ಣು ಕುಸಿದೈತಂತ್ರಿ. ನಿಮ್ಮನಿಯವ್ರು ಬಂದ್ರೇನು?"

ಅಪ್ಪ ಬರಬೇಕಿದ್ದ ಬಸ್ಸು ಬಂದಿರಲಿಲ್ಲ. ಅವ್ವ ಒರೆಸಿದ ಎಲೆಗಳನ್ನೇ ಮತ್ತೆ ಮತ್ತೆ ಒರೆಸತೊಡಗಿದಳು. ನಾನು ಅವಳ ಸೆರಗು ಹಿಡಿದು ನಿಂತೆ.

ಬಿಸಿಲು ಇಳಿದ ಮೇಲೆ ಅಪ್ಪ ನಡೆದೇ ಬಂದ, ಮೈಯೆಲ್ಲ ಮಣ್ಣು. ಅವ್ವನ ಬೆರಳುಗಳನ್ನು ನೋಡಿ ಗಾಬರಿಯಾದ.

"ಇದೇನ ಇಷ್ಟು ರಕ್ತ?"

"ಏನಿಲ್ರಿ," ಅಂದಳು ಅವ್ವ, "ಈ ಗಿಡಕ್ಕ ಮುಳ್ಳು ಭಾಳ ಅದಾವು."