ಹೊಂಗೆಯ ಕಪ್ಪು ಮಗ್ಗುಲು

ಹೊರಗಿನ ಗಾಳಿ ಕೆಟ್ಟು ಚಳ್ಳಕೆರೆ ಊರಿಗೇ ಗಾಜಿನ ಚಾವಣಿ ಬಂದ ಮೇಲೆ ಓಣಿಗೊಂದು ಮರವೇ ಎಲ್ಲರಿಗೂ ಉಸಿರು ಕೊಡುತ್ತಿತ್ತು. ಆ ಮರ ಸತ್ತರೆ ಓಣಿಯವರೆಲ್ಲ ಮನೆ ಬಿಡಬೇಕು. ತಿಂಗಳಿಗೊಮ್ಮೆ ಅದರ ಫೋಟೊ ತೆಗೆದು ನಗರಸಭೆಗೆ ಕಳಿಸುವ ಸರದಿ ಈ ಸಲ ವಿಶಾಲಾಕ್ಷಿಯದು. ಅವಳು ತನ್ನ ಹಳೆಯ ಡಿಜಿಟಲ್ ಕ್ಯಾಮೆರಾದ ಒಳಗಿನ ಫಿಲ್ಟರನ್ನು ರಿಪೇರಿ ಅಂಗಡಿಯಲ್ಲಿ ತೆಗೆಸಿ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಹಿಡಿಯುವಂತೆ ಮಾಡಿಸಿದ್ದಳು. ಅದರಲ್ಲಿ ಆರೋಗ್ಯವಾದ ಎಲೆ ಹತ್ತಿಯಂತೆ ಬೆಳ್ಳಗೆ ಬರುತ್ತದೆ, ಸಾಯುವ ಎಲೆ ಕಪ್ಪಗೆ.

ಬೆಳಿಗ್ಗೆ ತನ್ನ ಓಣಿಯ ಹೊಂಗೆ ಮರದ ಫೋಟೊ ತೆಗೆದಳು. ಕಣ್ಣಿಗೆ ಮರವೆಲ್ಲ ಹಸಿರಾಗಿತ್ತು. ಫೋಟೊದಲ್ಲಿ ಅವಳ ಮನೆಯ ಕಡೆಯ ಅರ್ಧ ಮರ ಇದ್ದಿಲಿನಂತಿತ್ತು.

ತೊಳೆದ ಅಂಗಳದಲ್ಲಿ ಮರ ಹೂವು ಉದುರಿಸುತ್ತದೆಂದು ರೇಗಿ, ಮೂರು ತಿಂಗಳಿಂದ ಕುದಿಯುವ ಗಂಜಿಯನ್ನು ಅದರ ಬುಡಕ್ಕೇ ಸುರಿಯುತ್ತಿದ್ದವಳು ವಿಶಾಲಾಕ್ಷಿಯೇ.

"ಹೆಂಗ್ ಬಂತಮ್ಮ ಪಟ?" ಎಂದ ಎದುರುಮನೆಯ ತಿಪ್ಪೇಸ್ವಾಮಣ್ಣ. ಉಬ್ಬಸದ ಹೆಂಡತಿ ಬೋರಮ್ಮನಿಗಾಗಿ ಅವನು ದಿನಾ ಮರದ ಕೆಳಗೆ ಮಂಚ ಹಾಕುತ್ತಿದ್ದ.

ಚೆನ್ನಾಗಿದೆ ಎನ್ನಲು ಬಾಯಿ ತೆರೆದವಳು ಕ್ಯಾಮೆರಾವನ್ನೇ ಅವನ ಕೈಗಿತ್ತಳು.

"ನಾನೇ ಅಣ್ಣಾ. ಬಿಸಿ ಗಂಜಿ ಹೊಯ್ದು ಹೊಯ್ದು ಸುಟ್ಟುಬಿಟ್ಟೆ."

ಅವನು ಪಟ ನೋಡಿ, ತಲೆಯೆತ್ತಿ ಮರವನ್ನೂ ನೋಡಿದ. ಬೈಯಲಿಲ್ಲ.

"ಉಳಿತೈತಾ?"

"ಗೊತ್ತಿಲ್ಲಣ್ಣ."

ಅವನು ಮನೆಯತ್ತ ತಿರುಗಿ ಕೂಗಿದ: "ಬೋರೀ, ಹೊರಗ್ ಬಾರೆ. ಅಡಿಗಿ ಆಮ್ಯಾಲ್ ಮಾಡಿದ್ರಾತು. ಮರ ಇರೋಗಂಟ ಇದರ ಕೆಳಗೇ ಕುಂತ್ಕಳಾನ."

ಬೋರಮ್ಮ ಏದುಸಿರು ಬಿಡುತ್ತ ಬಂದು ಮಂಚದ ಮೇಲೆ ಕೂತಳು. ಏನೊಂದೂ ತಿಳಿಯದ ಅವಳು ಪಕ್ಕಕ್ಕೆ ಸರಿದು, ವಿಶಾಲಾಕ್ಷಿಗೆ ಜಾಗ ಬಿಟ್ಟಳು.

"ಬಾರವ್ವ, ನೀನೂ ಕುಂತ್ಕ. ಇಲ್ಲಿ ಉಸಿರಾಡಾಕೆ ಹಿತ."